ಎಂಜಲು ದಾರ

ಹೇಸಿಗೆಯ ವಿಷಯದಲ್ಲಿ ನಾನು ತವರುಮನೆಯಲ್ಲಿದ್ದಾಗಲೇ ಹೆಸರುವಾಸಿ. ಲಗ್ನದ ಪಂಕ್ತಿಯಲ್ಲಿ ಬಡಿಸುವವನ ಹೆಬ್ಬೆರಳು ಸಾರಿನ ಬಕೀಟಿನೊಳಗೆ ಇಳಿದದ್ದು ಕಂಡರೆ ಎಲೆ ಬಿಟ್ಟು ಏಳುತ್ತಿದ್ದೆ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಕೆಮ್ಮಿದರೆ ಮನೆಗೆ ಬಂದು ಕುತ್ತಿಗೆ ತೊಳೆದುಕೊಳ್ಳುತ್ತಿದ್ದೆ. ನಮ್ಮವ್ವ "ನಿನಗ ಗಂಡನ ಮನ್ಯಾಗ ಐತಿ ನೋಡು" ಎಂದು ಹೆದರಿಸುತ್ತಿದ್ದಳು. ಆಕೆ ಹೇಳಿದ್ದು ಸುಳ್ಳಾಗಲಿಲ್ಲ, ಮೂವತ್ತು ವರ್ಷ ತಡವಾಯಿತು ಅಷ್ಟೇ.

ಹೋದ ವರ್ಷ ದೀಪಾವಳಿ ಮುಗಿದ ವಾರ ನಮ್ಮ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಬಾಯಿ ಒಂದು ಕಡೆ ಸೊಟ್ಟಾಯಿತು, ಮಾತು ನಿಂತಿತು. ಆಸ್ಪತ್ರೆಯಲ್ಲಿ ಮೊದಲ ಎಂಟು ದಿನ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿ ಊಟ ಬಿಟ್ಟರು. ಅತ್ತೆ ಎರಡು ಸಲ ಅದನ್ನು ಎಡಗೈಯಿಂದ ಕಿತ್ತೆಸೆದರು. ಮೂಗಿನಿಂದ ರಕ್ತ ಬಂತು. ಆಮೇಲೆ ನರ್ಸು ಅವರ ಎಡಗೈಯನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದಳು. ಮೈಯಲ್ಲಿ ಉಳಿದಿದ್ದೇ ಆ ಒಂದು ಕೈ. ಕಟ್ಟಿದ ಕೈಯನ್ನು ಅವರು ನೋಡುತ್ತಿದ್ದ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊನೆಗೆ ಬಾಯಿಂದ ಮೆತ್ತಗಿನದನ್ನು ನುಂಗತೊಡಗಿದರು ಎಂದು ನಳಿಗೆ ತೆಗೆದು ಮನೆಗೆ ಕಳಿಸಿದರು.

ನವನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಅವರ ಮಂಚ ಹಾಕಿದೆವು. ಬೆಳಗ್ಗೆ ಜಳಕ ಮಾಡಿಸಿ ಬಟ್ಟೆ ಬದಲಿಸಲು ಒಬ್ಬಾಕೆ ಬರುತ್ತಿದ್ದಳು. ನಮ್ಮ ಮನೆಯವರು ಆಫೀಸಿಗೆ ಹೋಗುವ ಮುಂಚೆ ತಾಯಿಗೆ ನಾಷ್ಟಾ ತಿನ್ನಿಸುತ್ತಿದ್ದರು. ಆಮೇಲೆ ಸಂಜೆಯವರೆಗೆ ನಾನು, ಅತ್ತೆ, ಮತ್ತು ಆ ಕೋಣೆಯ ವಾಸನೆ. ಫಿನೈಲು, ಪೌಡರು, ಹುಳಿತ ಹಾಲು, ಅವುಗಳ ಕೆಳಗೆ ಇನ್ನೊಂದು, ಬಾಯಿಬಿಟ್ಟು ಹೇಳಲಾರದ್ದು. ಊದುಬತ್ತಿ ಹಚ್ಚಿದರೆ ಆ ವಾಸನೆಗೆ ಶೃಂಗಾರವಾಗುತ್ತಿತ್ತೇ ಹೊರತು ಅದು ಹೋಗುತ್ತಿರಲಿಲ್ಲ. ಸೊಟ್ಟ ಬಾಯಿಯ ಮೂಲೆಯಿಂದ ಜೊಲ್ಲು ಎಳೆಯಾಗಿ ಇಳಿಯುತ್ತಲೇ ಇರುತ್ತಿತ್ತು. ಒರೆಸುತ್ತಿದ್ದೆ, ಬೇರೆ ಕಡೆ ನೋಡುತ್ತ ಒರೆಸುತ್ತಿದ್ದೆ.

ಅವರನ್ನು ನೋಡದೆ ಅವರ ಎದುರು ಕೂಡಲು ನನಗೊಂದು ಉಪಾಯ ಬೇಕಿತ್ತು. ಮೊದಲು ಫೋನು ಹಿಡಿದೆ. ಧಾರವಾಡದಲ್ಲಿರುವ ನಾದಿನಿ ಪ್ರತಿ ರವಿವಾರ ತಾಯಿಯನ್ನು ನೋಡಲು ಬರುತ್ತಿದ್ದಳು. ಎರಡನೆಯ ರವಿವಾರವೇ ಅಂದಳು: "ವೈನಿ, ಅವ್ವನ ಮುಂದ ಕುಂತು ಬರೇ ಫೋನ್ ನೋಡ್ತೀರಲ್ರಿ. ಆಕಿಗೆ ಮನಸ್ಸಿಗೆ ಹತ್ತಂಗಿಲ್ಲೇನು?"

ಕೈಯಲ್ಲಿ ಸೂಜಿ ಹಿಡಿದ ಹೆಂಗಸಿಗೆ ಯಾರೂ ಏನೂ ಅನ್ನುವುದಿಲ್ಲ. ತಲೆ ಬಗ್ಗಿಸಿ ಕೂತರೂ ಸಂಭಾವಿತಳು, ಮಾತಾಡದಿದ್ದರೂ ಸಂಭಾವಿತಳು. ನನ್ನ ಕಸೂತಿ ಹುಟ್ಟಿದ್ದು ಹೀಗೆ. ಕಲಾಸಕ್ತಿ ಗಿಲಾಸಕ್ತಿ ಏನೂ ಇರಲಿಲ್ಲ. ಬಟ್ಟೆಯ ಎಳೆ ಎಣಿಸಿಕೊಂಡು ಹಾಕುವ ಹೊಲಿಗೆ ಅದು, ಎಣಿಸುವಾಗ ತಲೆ ಎತ್ತುವಂತೆಯೇ ಇಲ್ಲ. ನನಗೆ ಬೇಕಾದದ್ದು ಅದೇ.

ದುರ್ಗದಬೈಲಿನ ಪೇಟೆಗೆ ಹೋದರೆ ಕಸೂತಿಗೆಂದೇ ದಪ್ಪ ನೇಯ್ಗೆಯ ಬಟ್ಟೆ, ದಾರ, ಬಟ್ಟೆ ಬಿಗಿಯುವ ರಿಂಗು ಎಲ್ಲ ಸಿಗುತ್ತವೆ. ಆದರೆ ಎರಡು ದಿನದ ಹುಚ್ಚಿಗೆ ಹೊಸ ಸಾಮಾನು ಯಾಕೆ, ಮನೆಯಲ್ಲಿ ಇದ್ದುದರಲ್ಲೇ ಶುರು ಮಾಡೋಣ ಎಂದುಕೊಂಡೆ. ಜಿಪುಣತನಕ್ಕೂ ಹೇಸಿಗೆಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂಬುದು ಆಗ ತಲೆಗೆ ಹೊಳೆಯಲಿಲ್ಲ. ಪುಕ್ಕಟೆ ಸಿಗುವ ಪ್ರತಿಯೊಂದು ವಸ್ತುವಿಗೂ ಯಾರದೋ ಮೈ ಅಂಟಿಕೊಂಡಿರುತ್ತದೆ.

ಮೊದಲು ನೆನಪಾದದ್ದು ಟ್ರಂಕಿನ ತುಂಬ ಇದ್ದ ರವಿಕೆ ಬಟ್ಟೆಯ ಜಂಪರ್ ಪೀಸುಗಳು. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದಿಲ್ಲ. ಅಕ್ಕಿ, ಅಡಿಕೆ, ಕೊಬ್ಬರಿಬಟ್ಟಲಿನ ಜೊತೆ ಒಂದು ಜಂಪರ್ ಪೀಸು ಸೆರಗಿಗೆ ಬೀಳಲೇಬೇಕು. ಪಡೆದವರು ಯಾರೂ ಅದನ್ನು ಹೊಲಿಸುವುದಿಲ್ಲ, ಮುಂದಿನ ಮನೆಯಲ್ಲಿ ಇನ್ನೊಬ್ಬರ ಉಡಿಗೆ ದಾಟಿಸುತ್ತಾರೆ. ಇಸ್ತ್ರಿಯಿಂದ ಸುಟ್ಟ ಕಲೆಯಿದ್ದ ಒಂದು ಹಸಿರು ಪೀಸನ್ನು ನಾನು ಸೀಮಂತವೊಂದರಲ್ಲಿ ದಾಟಿಸಿ ಪಾರಾಗಿದ್ದೆ. ಮೂರು ವರ್ಷದ ಮೇಲೆ ಅದು ಗೃಹಪ್ರವೇಶವೊಂದರಲ್ಲಿ ಸುಟ್ಟ ಕಲೆಯ ಸಮೇತ ನನ್ನ ಉಡಿಗೇ ಬಂತು. ಕೊಟ್ಟಾಕೆ "ಛಲೋ ಬಣ್ಣ ಐತ್ರಿ, ನಿಮಗ ಒಪ್ಪತೈತಿ" ಎಂದಳು. ನಾನೂ "ಹೌದ್ರೀ" ಎಂದೆ. ಮನುಷ್ಯರ ಪ್ರೀತಿ ವಿಶ್ವಾಸದ ಬಗ್ಗೆ ನನಗೆ ಅಂದಿನಿಂದ ಅಂಥ ಗೌರವವಿಲ್ಲ.

ಟ್ರಂಕು ತೆರೆದೆ. ಇಪ್ಪತ್ತು ವರ್ಷದ ಪೀಸುಗಳು. ಮಡಿಕೆಗಳು ಹಳದಿಗಟ್ಟಿದ್ದವು. ಒಂದರಲ್ಲಿ ಕುಂಕುಮ ಕರಗಿ ಗಾಯದ ಕಲೆಯಂತಾಗಿತ್ತು. ಇನ್ನೊಂದರ ಪದರಿನಲ್ಲಿ ಯಾರದೋ ಉಡಿಯ ನಾಲ್ಕು ಅಕ್ಕಿಕಾಳು, ಅವಕ್ಕೆ ಹುಳು ಹಿಡಿದು ಬಲೆ ಕಟ್ಟಿತ್ತು. ಮೂರನೆಯದನ್ನು ಝಾಡಿಸಿದರೆ ಜಿರಳೆಯ ಕಂದು ತತ್ತಿಗಳು ಪಟಪಟ ಉದುರಿದವು. ಮೂಗು ಮುಚ್ಚಿಕೊಂಡು ಎರಡನ್ನು ಕುದಿಯುವ ನೀರಿಗೆ ಹಾಕಿದೆ. ಗಂಜಿ ಬಿಟ್ಟುಹೋಗಿ ಅವು ಸೊಳ್ಳೆಪರದೆಯಾಗಿ ಹೊರಬಂದವು. ಎಳೆ ಎಣಿಸಲು ಎಳೆಯೇ ಇರಲಿಲ್ಲ.

ಕೊನೆಗೆ ಸಿಕ್ಕಿದ್ದು ಹಳೆಯ ಕೈಮಗ್ಗದ ತಲೆದಿಂಬಿನ ಗವಸು. ದಪ್ಪ ನೇಯ್ಗೆ, ಎಳೆಗಳು ಒಂದೊಂದೂ ಕಾಣುತ್ತಿದ್ದವು. ಆದರೆ ನಡುವೆ ತಲೆ ಇಡುವ ಜಾಗದಲ್ಲಿ ಎಣ್ಣೆಯ ದೊಡ್ಡ ವೃತ್ತ. ಅದು ಯಾರ ತಲೆ ಎಂದು ಯೋಚಿಸಲು ಹೋಗಲಿಲ್ಲ. ಮೂರು ಸಲ ಕುದಿಸಿ, ಎರಡು ದಿನ ಬಿಸಿಲಿಗೆ ಹಾಕಿ, ಎಣ್ಣೆಯ ಭಾಗ ಕತ್ತರಿಸಿ ಎಸೆದು ಉಳಿದ ಬಟ್ಟೆ ಇಟ್ಟುಕೊಂಡೆ. ರಿಂಗಿನ ಬದಲು ತುಪ್ಪದ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಅಂಚು ಕತ್ತರಿಸಿದೆ. ಎಷ್ಟು ತಿಕ್ಕಿದರೂ ಕಮಟು ವಾಸನೆ ಹೋಗಲಿಲ್ಲ. ನಾದಿನಿ ತಾನು ಸಾಲಿ ಕಲಿಯುತ್ತಿದ್ದಾಗಿನ ದಾರದ ಲಡಿಗಳನ್ನು ಹುಡುಕಿ ತಂದುಕೊಟ್ಟಳು. ಕೆಂಪು ಲಡಿ ಬಿಡಿಸುತ್ತ ಹೋದರೆ ದಾರದ ಜೊತೆ ಒಂದು ಮೊಳ ಉದ್ದದ ಕೂದಲು ಹೊರಬಂತು. ಹುಡುಗಿಯಾಗಿದ್ದಾಗ ಆಕೆಗೆ ಅಷ್ಟು ಉದ್ದ ಜಡೆ ಇರಲಿಲ್ಲ ಎಂದು ಕೇಳಿದ ನೆನಪು. ಅಂದರೆ ಅದು ಇನ್ಯಾರದೋ.

ಗುರುವಾಗಿ ಫೋನಿನ ವಿಡಿಯೋದ ಹೆಂಗಸೊಬ್ಬಳು ಸಿಕ್ಕಳು. "ಹಾಯ್ ಫ್ರೆಂಡ್ಸ್" ಎಂದವಳೇ ದಾರದ ತುದಿಯನ್ನು ಬಾಯಲ್ಲಿಟ್ಟು ಚೀಪಿದಳು, ಹಲ್ಲಿನಿಂದ ಚಪ್ಪಟೆ ಮಾಡಿದಳು, ಸೂಜಿಗೆ ಪೋಣಿಸಿದಳು. ಆಮೇಲೆ ಸೂಜಿಯನ್ನು ತಲೆಗೂದಲಿಗೆ ಎರಡು ಸಲ ತಿಕ್ಕಿದಳು. ಬಟ್ಟೆಯಲ್ಲಿ ಸಲೀಸಾಗಿ ಜಾರಲೆಂದಂತೆ. ಆವತ್ತೇ ತಿಳಿಯಿತು, ಅಂಗಡಿಗಳಲ್ಲಿ ಗಾಜಿನೊಳಗೆ ತೂಗುಹಾಕಿದ ಸೀರೆಗಳ ಒಂದೊಂದು ಹೂವೂ ಯಾರದೋ ಎಂಜಲಿನಿಂದ ಶುರುವಾದದ್ದು. ನಾನು ದಾರದ ತುದಿಯನ್ನು ಕತ್ತರಿಯಿಂದ ಓರೆಯಾಗಿ ಕತ್ತರಿಸಿ, ಚಾಳೀಸಿನ ಕನ್ನಡಕ ಏರಿಸಿ, ಇಪ್ಪತ್ತು ಸಲ ಪ್ರಯತ್ನಿಸಿ ಪೋಣಿಸುತ್ತಿದ್ದೆ. ಹೊಲಿಯುವುದಕ್ಕಿಂತ ಪೋಣಿಸುವುದಕ್ಕೇ ಹೆಚ್ಚು ಹೊತ್ತು ಹೋಗುತ್ತಿತ್ತು. ಹೋದರೆ ಹೋಗಲಿ, ಹೊತ್ತು ಕಳೆಯಲೆಂದೇ ಅಲ್ಲವೇ ಕೂತದ್ದು.

ಈ ನಡುವೆ ಅತ್ತೆ ನನ್ನ ಕೈಯಿಂದ ಉಣ್ಣುವುದನ್ನು ಬಿಟ್ಟರು.

ಉಣಿಸುವುದು ಹೇಗಿತ್ತೆಂದು ಹೇಳಬೇಕು. ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಮಜ್ಜಿಗೆಯಲ್ಲಿ ಕಿವುಚಿ ಚಮಚದಿಂದ ಬಾಯಿಗೆ ಇಡಬೇಕು. ಸತ್ತ ಬದಿಯಿಂದ ಅರ್ಧ ಹೊರಗೆ ಬರುತ್ತದೆ. ಅದನ್ನು ಗದ್ದದಿಂದ ಕೆರೆದು ಮತ್ತೆ ಒಳಗೆ ಇಡಬೇಕು. ಗಂಟಲಲ್ಲಿ ಗೊರಗೊರ ಸದ್ದು. ಕೆಮ್ಮಿದರೆ ನನ್ನ ಮುಖಕ್ಕೆ ಸಿಡಿಯುತ್ತದೆ. ನಾನು ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡು, ಬಾಯಿಂದ ಉಸಿರಾಡುತ್ತ, ಕಣ್ಣಲ್ಲಿ ನಗು ತಂದುಕೊಂಡು "ಉಣ್ರಿ ಅತ್ತೀ, ಛಲೋ ಆಗೇತಿ ನೋಡ್ರಿ" ಎನ್ನುತ್ತಿದ್ದೆ. ಕೂಸಿಗೆ ಹೇಳಿದ ಹಾಗೆ, ಸಕ್ಕರೆ ಸುರಿದ ದನಿಯಲ್ಲಿ. ಒಂದು ದಿನ ಅವರು ಬಾಯಿ ಬಿಗಿದರು. ಮರುದಿನವೂ. ಚಮಚ ತುಟಿಗೆ ತಾಗಿದರೆ ಮುಖ ಗೋಡೆಯ ಕಡೆ ಹೊರಳುತ್ತಿತ್ತು. ಬೆಳಗ್ಗೆ, ರಾತ್ರಿ ಮಗನ ಕೈಯಿಂದ ನಾಲ್ಕು ನಾಲ್ಕು ಚಮಚ, ರವಿವಾರ ಮಗಳ ಕೈಯಿಂದ ಅರ್ಧ ಬಟ್ಟಲು. ನನ್ನ ಕೈಯಿಂದ ಏನೂ ಇಲ್ಲ.

"ನಿನ್ನ ಕೈಲೇ ಯಾಕ ಉಣವಲ್ಲಳು?" ಎಂದು ನಮ್ಮ ಮನೆಯವರು ಕೇಳಿದರು.

"ನನಗೇನ ಗೊತ್ರಿ" ಎಂದೆ. ಗೊತ್ತಿತ್ತು. ಗೊತ್ತಿದೆ ಎಂದು ನಾನು ತಿಳಿದುಕೊಂಡಿದ್ದೆ.

ತಿಂಗಳಲ್ಲಿ ಅವರ ಕೊರಳಿನ ಎಲುಬು ಮೇಲೆದ್ದು ಬಂತು. ಮನೆಗೆ ಬಂದ ಡಾಕ್ಟರು ಚರ್ಮ ಹಿಂಡಿ ನೋಡಿ, ನನ್ನನ್ನು ಹೊರಗೆ ಕರೆದು ಹೇಳಿದರು: "ಬಾಯಿಲೆ ಉಣಬೇಕ್ರಿ ಇವರು. ಇನ್ನೊಂದು ವಾರ ನೋಡೋಣ. ಇಲ್ಲಾಂದ್ರ ಮತ್ತ ನಳಿಗಿ ಹಾಕಬೇಕಾಗತದ." ಒಳಗೆ ಮಲಗಿದ್ದವರಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ನಾನು ಹೋಗಿ ನೋಡಿದಾಗ ಎಡಗೈಯನ್ನು ಚಾದರದ ಒಳಗೆ ಬಚ್ಚಿಟ್ಟುಕೊಂಡಿದ್ದರು.

ಆ ವಾರದ ರವಿವಾರವೇ ನನ್ನ ಮೊದಲ ಚಿಕ್ಕಿ ಮುಗಿಯಿತು. ಎಂಟು ಮೂಲೆಯ ಕೆಂಪು ನಕ್ಷತ್ರ, ಹದಿನೈದು ದಿನದ ಕೆಲಸ. ಮೂಲೆಗಳಲ್ಲಿ ಒಂದು ಸ್ವಲ್ಪ ಕುಂಟುತ್ತಿತ್ತು, ಅಷ್ಟು ಬಿಟ್ಟರೆ ಚಂದವೇ ಇತ್ತು. ನಾದಿನಿಗೆ ತೋರಿಸಿದೆ. "ಅಯ್ಯ ವೈನಿ, ಭಾರೀ ಆಗೇತ್ರಿ!" ಎಂದಳು. ಆಗ ಚಾದರದೊಳಗಿಂದ ಅತ್ತೆಯ ಎಡಗೈ ಹೊರಬಂದು ಬೆರಳು ಮಡಚಿ ಕರೆಯಿತು. ಅತ್ತೆ ತಮ್ಮ ಕಾಲದಲ್ಲಿ ಕಸೂತಿಯ ಕೈಯೆಂದು ಹೆಸರಾದವರು, ತಂಗಿಯರ ಲಗ್ನದ ಸೀರೆಗಳಿಗೆಲ್ಲ ಅವರೇ ಹಾಕಿದ್ದರಂತೆ. ಹೆಮ್ಮೆಯಿಂದ ಕೊಟ್ಟೆ.

ಅವರು ಚಿಕ್ಕಿಯನ್ನು ನೋಡಲೇ ಇಲ್ಲ. ಎದೆಯ ಮೇಲಿಟ್ಟುಕೊಂಡು ಬಟ್ಟೆ ಮಗುಚಿದರು. ಹಿಂದುಗಡೆ ಗಂಟಿನ ಮೇಲೆ ಗಂಟು, ಅಡ್ಡಾದಿಡ್ಡಿ ಎಳೆದ ದಾರ, ಜೋತುಬಿದ್ದ ತುದಿಗಳು. ಬಚ್ಚಲಿನ ಜಾಲರಿಗೆ ಸಿಕ್ಕಿದ ಕೂದಲಿನ ಹಾಗಿತ್ತು. ಅತ್ತೆಯ ಮೂಗಿನ ಹೊಳ್ಳೆ ಅರಳಿತು, ನೆಟ್ಟಗಿದ್ದ ಅರ್ಧ ಮುಖ ಕಿವುಚಿಕೊಂಡಿತು.

"ಥೂ" ಎಂದರು.

ಲಕ್ವ ಹೊಡೆದ ಮೇಲೆ ಅವರ ಬಾಯಿಂದ ಸ್ಪಷ್ಟವಾಗಿ ಬಂದ ಮೊದಲ ಮಾತು ಅದು. ನಾದಿನಿ ಆನಂದದಿಂದ ಅತ್ತುಬಿಟ್ಟಳು. "ಅವ್ವ ಮಾತಾಡಿದಳು! ವೈನಿ, ಅವ್ವ ಮಾತಾಡಿದಳು!" ನನಗೆ ಮಾತ್ರ ಮೈ ಉರಿದುಹೋಯಿತು. ದಿನಕ್ಕೆ ಎರಡು ಸಲ ಇವರ ಹೇಲು ಉಚ್ಚೆ ಬಳಿಯುವ ನಾನು ಥೂ ಎಂದು ಒಂದು ಸಲವಾದರೂ ಅಂದಿದ್ದೇನೆಯೇ? ಕಣ್ಣೊರೆಸಿಕೊಂಡ ನಾದಿನಿ ಬಟ್ಟೆ ನೋಡಿ ನಕ್ಕಳು. "ಕಸೂತಿಗೆ ಗಂಟು ಹಾಕೂದಿಲ್ರಿ ವೈನಿ. ಹಿಂದಿಂದೂ ಮುಂದಿನಂಗ ಇರಬೇಕು." ವಿಡಿಯೋದವಳು ಅದನ್ನು ಹೇಳಿರಲಿಲ್ಲ. ಹೇಳಿದ್ದಳೇನೋ, ಆಕೆ ದಾರ ಚೀಪಿ ಸೂಜಿಯನ್ನು ತಲೆಗೆ ತಿಕ್ಕಿದ ಕೂಡಲೇ ನಾನು ಮುಂದಕ್ಕೆ ಓಡಿಸಿಬಿಟ್ಟಿದ್ದೆ.

ಮರುದಿನ ಮಧ್ಯಾಹ್ನ ಅತ್ತೆ ಮತ್ತೆ ಬೆರಳು ಮಡಚಿ ಕರೆದರು. ಬಟ್ಟೆ ತರಬೇಕಂತೆ. ತಂದೆ. ಗಂಟುಗಳನ್ನು ಒಂದೊಂದಾಗಿ ತೋರಿಸಿದರು, ಬಿಚ್ಚು ಎಂಬಂತೆ. ಬಿಚ್ಚಿದೆ. ನಾನು ಅವಸರಕ್ಕೆ ಕತ್ತರಿ ತಗೊಂಡರೆ ಮಣಿಕಟ್ಟಿನ ಮೇಲೆ ಪಟ್ಟೆಂದು ಹೊಡೆಯುತ್ತಿದ್ದರು. ಆ ಎಡಗೈಯಲ್ಲಿ ಇನ್ನೂ ಅಷ್ಟು ಕಸುವಿತ್ತು. ಮೂರು ದಿನ ಬಿಚ್ಚಿದ್ದೇ ಬಿಚ್ಚಿದ್ದು. ಹದಿನೈದು ದಿನದ ಚಿಕ್ಕಿ ತೂತುಗಳ ಗುರುತಾಗಿ ಉಳಿಯಿತು. ಆದರೆ ಆ ಮೂರು ದಿನ ಅವರ ಕಣ್ಣು ಗೋಡೆಯ ಕಡೆ ಹೋಗಲಿಲ್ಲ. ಇನ್ನು ಉಣ್ಣುತ್ತಾರೆ ಎಂದು ನನಗೆ ಆಸೆಯಾಯಿತು.

ನಾಲ್ಕನೆಯ ದಿನ ಹೊಸದಾಗಿ ಶುರು ಮಾಡಬೇಕು. ನಾನು ಯಥಾಪ್ರಕಾರ ಕತ್ತರಿ, ಚಾಳೀಸು, ಪೋಣಿಸುವ ಸರ್ಕಸ್ಸು ನಡೆಸಿದೆ. ಏಳೆಂಟು ಸಲ ತಪ್ಪಿತು. ಅತ್ತೆಗೆ ತಾಳ್ಮೆ ಕೆಟ್ಟಿತು. ನನ್ನ ಕೈಯಿಂದ ದಾರ ಕಸಿದು ತುದಿಯನ್ನು ತಮ್ಮ ಬಾಯಿಗೆ ಹಾಕಿಕೊಂಡರು. ತುಟಿಯ ನಡುವೆ ಎಳೆದು ತೆಗೆದು ನನ್ನತ್ತ ಚಾಚಿದರು. ದಾರದ ತುದಿಯಿಂದ ಅವರ ಗದ್ದದವರೆಗೆ ಜೊಲ್ಲಿನ ಎಳೆಯೊಂದು ಹೊಳೆಯುತ್ತ ತೂಗುತ್ತಿತ್ತು.

ಎರಡು ಬೆರಳ ತುದಿಯಲ್ಲಿ ಹಿಡಿದು ಇಸಿದುಕೊಂಡೆ. "ಥ್ಯಾಂಕ್ಸ್ ರೀ ಅತ್ತೀ" ಎಂದು ನಕ್ಕೆ. ಆಮೇಲೆ ಅವರಿಗೆ ಕಾಣದ ಹಾಗೆ ಪಕ್ಕಕ್ಕೆ ತಿರುಗಿ, ಒದ್ದೆ ತುದಿಯನ್ನು ಕತ್ತರಿಸಿ ಕಾಗದದಲ್ಲಿ ಸುತ್ತಿಟ್ಟೆ. ಕಿಟಕಿಯ ಗಾಜಿನಲ್ಲಿ ನನ್ನ ಕೈ ಅವರಿಗೆ ಪೂರ್ತಿ ಕಂಡಿತ್ತು. ನಾನು ತಿರುಗುವಷ್ಟರಲ್ಲಿ ಬಟ್ಟೆ, ರಿಂಗು, ದಾರದ ಲಡಿ ಎಲ್ಲ ನೆಲದ ಮೇಲಿದ್ದವು. ಅವತ್ತಿನಿಂದ ನನ್ನ ಕೈಯ ನೀರನ್ನೂ ಉಗುಳಿದರು. ಅವತ್ತಿನಿಂದ ಮಗನ ಕೈಯಿಂದಲೂ ಎರಡೇ ಚಮಚ. ಶನಿವಾರ ಡಾಕ್ಟರಿಗೆ ಫೋನು ಮಾಡಿದೆವು. "ಸೋಮವಾರ ಮುಂಜಾನೆ ನರ್ಸ್‌ನ ಕಳಸತೇನ್ರಿ, ನಳಿಗಿ ಹಾಕಿಬಿಡೋಣ" ಎಂದರು. ಆ ರವಿವಾರ ನಾದಿನಿಗೆ ಜ್ವರ ಬಂದು ಬರಲಿಲ್ಲ. ನಮ್ಮ ಮನೆಯವರು ಗಾಜಿನ ಕಪಾಟಿನಿಂದ ಬ್ಯಾಂಡೇಜು ಬಟ್ಟೆಯ ಸುರುಳಿ ತೆಗೆದು ಮೇಜಿನ ಮೇಲಿಟ್ಟು ಹೊರಗೆ ಹೋದರು.

ಮಧ್ಯಾಹ್ನ ನುಚ್ಚು ಕಿವುಚಿಕೊಂಡು ಹೋಗಿ ಕೂತೆ. ಮೂಗಿನ ಮೇಲೆ ಸೆರಗು, ಕಣ್ಣಲ್ಲಿ ನಗು. "ಉಣ್ರಿ ಅತ್ತೀ, ಒಂದs ಚಮಚ. ಛಲೋ ಆಗೇತಿ."

ಅವರು ಬಾಯಿ ತೆರೆದರು. ನನಗೆ ನಂಬಲಾಗಲಿಲ್ಲ. ಚಮಚ ಇಟ್ಟೆ. ನನ್ನ ಕಣ್ಣನ್ನೇ ನೋಡುತ್ತ ಬಾಯೊಳಗಿನ ನುಚ್ಚನ್ನು ನಾಲಿಗೆಯಿಂದ ಮೆಲ್ಲಗೆ ಹೊರಗೆ ತಳ್ಳಿದರು. ಬೆಚ್ಚಗಿನ, ಲೋಳೆ ಲೋಳೆಯಾದ ಆ ಮುದ್ದೆ ನನ್ನ ಅಂಗೈಗೆ ಬಿತ್ತು. ಹೊಟ್ಟೆಯ ಬುಡದಿಂದ ನನಗೆ ವಾಕರಿಕೆ ಎದ್ದು ಬಂತು. ತಡೆಯಲು ಆಗಲಿಲ್ಲ. ಸೆರಗು ಜಾರಿ, ಅವರ ಮುಖದ ಎದುರೇ, ನಾಯಿ ಕಕ್ಕುವಂಥ ಸದ್ದು ಮಾಡಿ ವಾಕರಿಸಿದೆ. ಕಣ್ಣಲ್ಲಿ ನೀರು ಬಂತು. ಆಮೇಲೆ ಎಲ್ಲ ಕಟ್ಟೆ ಒಡೆಯಿತು.

"ಹೌದ್ರೀ, ನನಗ ಹೇಸಿಗಿ ಬರತೈತಿ!" ಎಂದು ಕೂಗಿದೆ. "ನಿಮ್ಮ ಜೊಲ್ಲಿಗೆ ಬರತೈತಿ, ನಿಮ್ಮ ವಾಸನಿಗೆ ಬರತೈತಿ. ಬರತೈತಿ ಅಂದ್ರ ಬರತೈತಿ, ನಾ ಏನ್ ಮಾಡ್ಲಿ? ಅದಕ್ಕ ಉಪವಾಸ ಸಾಯ್ತೀರೇನು? ನಾಳೆ ಕೈ ಕಟ್ತಾರ್ರಿ ನಿಮ್ಮದು!"

ಮೂವತ್ತು ವರ್ಷದಲ್ಲಿ ಅತ್ತೆಗೆ ಎದುರು ಮಾತಾಡಿದವಳಲ್ಲ ನಾನು.

ಅವರು ಶಾಂತವಾಗಿ ನೋಡುತ್ತಿದ್ದರು. ತುಟಿ ಎರಡು ಸಲ ಅಲುಗಿತು. "ಗೊ... ತ್ತ" ಎಂದರು.

ಆಮೇಲೆ ಎಡಗೈ ಎತ್ತಿ ತಮ್ಮ ಮೂಗಿನ ಮೇಲೆ ಅಡ್ಡ ಹಿಡಿದರು, ಸೆರಗು ಹಿಡಿದ ಹಾಗೆ. ಕಣ್ಣು ಸಣ್ಣದು ಮಾಡಿದರು. ಜೀವವಿದ್ದ ಆ ಅರ್ಧ ಮುಖದಲ್ಲಿ ಒಂದು ನಗು ತಂದುಕೊಂಡು ತಲೆಯನ್ನು ಪಕ್ಕಕ್ಕೆ ವಾಲಿಸಿದರು, ಕೂಸಿನ ಮುಂದೆ ವಾಲಿಸುವ ಹಾಗೆ. ಯಾರನ್ನು ಅಣಕಿಸುತ್ತಿದ್ದಾರೆ ಎಂದು ತಿಳಿಯಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. ಇಷ್ಟು ದಿನವೂ ಎರಡು ಹೊತ್ತು ಚಮಚದ ಹಿಂದೆ ಅವರಿಗೆ ಕಾಣುತ್ತಿದ್ದದ್ದು ಈ ಮುಖ. ಕೈ ಇಳಿಸಿ, ನನ್ನ ಬಾಯಿಯ ಕಡೆ ಬೆರಳು ತೋರಿಸಿದರು.

"ಇದು... ಥೂ."

ನನ್ನ ಆ ನಗುವಿಗೆ ಹೇಸಿ ಊಟ ಬಿಟ್ಟವರು ಅವರು. ನಾನು ಅಂಗೈಯ ಮುದ್ದೆಯನ್ನು ಹಿಡಿದುಕೊಂಡೇ ಕೂತಿದ್ದೆ. ನಗಲು ಧೈರ್ಯ ಬರಲಿಲ್ಲ.

ಅತ್ತೆ ಬಾಯಿ ತೆರೆದರು. ಈ ಸಲ ಚಮಚ ಒಳಗೆ ಹೋಯಿತು, ಅರ್ಧ ಹೊರಗೆ ಬಂತು, ಕೆರೆದು ಮತ್ತೆ ಇಟ್ಟೆ. ಗೊರಗೊರ ಸದ್ದಾಯಿತು. ನಾನು ವಾಕರಿಸಿದೆ. ಅವರು ನುಂಗಿದರು. ಬಟ್ಟಲು ಖಾಲಿಯಾಗಲು ಒಂದು ತಾಸು ಹಿಡಿಯಿತು. ಸೋಮವಾರ ಮುಂಜಾನೆ ಅವರ ಕೈಯನ್ನು ಯಾರೂ ಕಟ್ಟಲಿಲ್ಲ.